ನೋಂದಣಿ ಸಂಖ್ಯೆ ಇಲ್ಲದ ಹನ್ನೊಂದು ವರ್ಷ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಮಹಡಿಯಲ್ಲಿ ಎರಡು ಕೋಣೆಗಳಿವೆ. ನರ್ಸಿಂಗ್ ಓದುವ ನಾಲ್ವರು ಹುಡುಗಿಯರು ಅಲ್ಲಿ ಬಾಡಿಗೆಗಿದ್ದಾರೆ. ನಾನು ನಿವೃತ್ತಳಾದಾಗಿನಿಂದ ಅವರು ಸಂಜೆ ಕೆಳಗಿಳಿದು ಬಂದು ನನ್ನ ಜೊತೆ ಚಹಾ ಕುಡಿಯುತ್ತಾರೆ. ಮೊನ್ನೆ ಅವರಲ್ಲೊಬ್ಬಳು ನೋಟ್ಸ್ ಹಿಡಿದುಕೊಂಡೇ ಬಂದಳು.

"ಆಂಟಿ, ಪ್ರಾಕ್ಟಿಕಲ್ ನರ್ಸಿಗೂ ರಿಜಿಸ್ಟರ್ಡ್ ನರ್ಸಿಗೂ ಏನ್ ವ್ಯತ್ಯಾಸ ಹೇಳ್ರಿ. ಎರಡು ಮಾರ್ಕಿಗೆ ಬರತೈತಂತೆ."

ನನಗೆ ಸಿಟ್ಟು ಬಂತು. ಪಾಪ, ಹುಡುಗಿಯ ಮೇಲಲ್ಲ. ಆ ಎರಡು ಮಾರ್ಕಿನ ಮೇಲೆ. ಪುಸ್ತಕದ ಉತ್ತರ ಹೇಳಿ ಕಳಿಸಿದೆ: ಎ.ಎನ್.ಎಂ. ಓದಿದವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಬಾಣಂತಿ, ಮಕ್ಕಳು, ಲಸಿಕೆ ನೋಡಿಕೊಳ್ಳುತ್ತಾರೆ, ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ಓದಿದವರು ಆಸ್ಪತ್ರೆಯ ಸ್ಟಾಫ್ ನರ್ಸುಗಳಾಗುತ್ತಾರೆ. ಈ ಎಲ್ಲರ ಹೆಸರೂ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಿ ಒಂದೊಂದು ಸಂಖ್ಯೆ ಸಿಗುತ್ತದೆ. ನಮ್ಮ ಕಡೆ 'ಪ್ರಾಕ್ಟಿಕಲ್ ನರ್ಸ್' ಅಂದರೆ ಇದ್ಯಾವುದನ್ನೂ ಓದದೆ, ಡಾಕ್ಟರು ಹೇಳಿಕೊಟ್ಟಷ್ಟನ್ನು ಕಲಿತು ಸೂಜಿ ಹಿಡಿದವಳು. ಆಕೆಗೆ ಸಂಖ್ಯೆ ಇಲ್ಲ.

ಹುಡುಗಿ ಬರೆದುಕೊಂಡು ಹೋದಳು. ನಾನು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಹುಡುಗಿಯರು ಓದಲಿ. ನಾನು ಹನ್ನೊಂದು ವರ್ಷ ಪ್ರಾಕ್ಟಿಕಲ್ ನರ್ಸ್ ಆಗಿದ್ದೆ. ಆಮೇಲೆ ಓದಿ ಸ್ಟಾಫ್ ನರ್ಸಾದೆ, ವಾರ್ಡ್ ಇನ್‌ಚಾರ್ಜ್ ಆಗಿ ನಿವೃತ್ತಳಾದೆ. ಎರಡೂ ಕಡೆ ನಿಂತು ನೋಡಿದವಳು ನಾನು.

ನನ್ನ ಹೆಸರು ಹಾಲಮ್ಮ. ಊರು ಹರಿಹರ ತಾಲ್ಲೂಕಿನ ಕೊಕ್ಕನೂರು. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಹರಿಹರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದೆ. ಮೊದಲು ಕಸ ಹೊಡೆಯುವುದು, ಬೆಡ್ ಪ್ಯಾನ್ ತೊಳೆಯುವುದು. ಆಮೇಲೆ ಗಾಜಿನ ಸಿರಿಂಜುಗಳನ್ನು ಕುದಿಸುವುದು, ಮೊಂಡಾದ ಸೂಜಿಗಳನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುವುದು. ಈಗಿನ ಹುಡುಗಿಯರಿಗೆ ಇದನ್ನು ಹೇಳಿದರೆ ಮುಖ ಸಿಂಡರಿಸುತ್ತಾರೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ತೊಳೆದು, ಕುದಿಸಿ ಹತ್ತು ಮಂದಿಗೆ ಚುಚ್ಚುತ್ತಿದ್ದೆವು.

ಆರು ತಿಂಗಳಾದ ಮೇಲೆ ಡಾಕ್ಟರು ನನ್ನನ್ನು ಕರೆದು ಕೈಗೆ ಸಿರಿಂಜು ಕೊಟ್ಟರು. "ಕುಂಡಿಯನ್ನ ನಾಕು ಭಾಗ ಮಾಡ್ಕ. ಮ್ಯಾಲಿನ ಹೊರಗಿನ ಭಾಗಕ್ಕೆ ಚುಚ್ಚು. ಅಷ್ಟೇ ವಿದ್ಯೆ," ಅಂದರು. ಎರಡನೇ ವರ್ಷಕ್ಕೆ ರಕ್ತನಾಳ ಹುಡುಕುವುದು ಕಲಿತೆ. ನೀರು ಬತ್ತಿದ ಕೂಸುಗಳ ನೆತ್ತಿಯಲ್ಲೂ ಒಂದೇ ಸಲಕ್ಕೆ ಸೂಜಿ ಕೂರಿಸುತ್ತಿದ್ದೆ. ನನಗೊಂದು ಬಿಳಿ ಸೀರೆ ಕೊಟ್ಟರು. ಹಳ್ಳಿಯಿಂದ ಬಂದವರು "ನರ್ಸಮ್ಮ" ಅಂದರು. ಊರಿಗೆ ಹೋದರೆ ನನಗಿಂತ ದೊಡ್ಡವರೂ "ಬಾರಮ್ಮ ನರ್ಸಮ್ಮ, ಕೂಡ್ರು" ಅನ್ನುವರು. ನಾನು ಉಬ್ಬಿಹೋದೆ. ಅದನ್ನು ಮುಚ್ಚಿಡುವುದಿಲ್ಲ.

ನಾಲ್ಕನೇ ವರ್ಷ ಪದ್ಮಾವತಿ ಎಂಬ ರಿಜಿಸ್ಟರ್ಡ್ ನರ್ಸ್ ಬಂದರು. ಮೂರು ವರ್ಷ ಓದಿದವರು. ನಾನು ಒಂದೇ ಏಟಿಗೆ ಹಿಡಿಯುವ ರಕ್ತನಾಳಕ್ಕೆ ಅವರು ಎರಡು ಮೂರು ಸಲ ಚುಚ್ಚುತ್ತಿದ್ದರು. ಆಯಾಗಳ ಜೊತೆ ಸೇರಿ ನಾನು ಅವರ ಬೆನ್ನ ಹಿಂದೆ ನಗುತ್ತಿದ್ದೆ. ಅವರಿಗೊಂದು ಅಭ್ಯಾಸವಿತ್ತು. ಡಾಕ್ಟರು ಬಾಗಿಲಲ್ಲಿ ನಿಂತು ಯಾವುದಾದರೂ ಔಷಧ ಹೇಳಿದರೆ, ಪದ್ಮಾವತಿ ಕೇಸ್ ಪೇಪರನ್ನು ಅವರ ಮುಂದೆ ಹಿಡಿಯುವರು. "ಎಷ್ಟು, ಹೆಂಗೆ ಕೊಡಬೇಕು, ಬರ್ದುಕೊಡ್ರಿ ಸರ್."

"ಹಾಲಮ್ಮ ಏನೂ ಕೇಳಲ್ಲ, ಗೊತ್ತಾ?" ಎಂದರು ಡಾಕ್ಟರು ಒಂದು ದಿನ, ಎಲ್ಲರ ಎದುರಿಗೆ.

"ಆಕೀಗೆ ಕೇಳೋದು ಯಾರೂ ಕಲಿಸಿಲ್ಲ ಸರ್," ಎಂದರು ಪದ್ಮಾವತಿ.

ನನಗೆ ಅವಮಾನವಾಯಿತು. ಮೂರೇ ತಿಂಗಳಿಗೆ ಅವರನ್ನು ಕೆಲಸದಿಂದ ಬಿಡಿಸಿದರು. ಅವರ ಸಂಬಳದಲ್ಲಿ ನನ್ನಂಥವರು ಮೂವರು ಸಿಗುತ್ತಿದ್ದರು. ಹೋಗುವ ದಿನ ಅವರು ನನ್ನ ಹತ್ತಿರ ಬಂದು, "ನಿನ್ನ ಕೈ ಚಲೋ ಐತೆ ಹಾಲಮ್ಮ, ಓದ್ಕ," ಎಂದರು. ಹೊಟ್ಟೆಕಿಚ್ಚಿಗೆ ಹೇಳುತ್ತಾರೆ ಅಂದುಕೊಂಡೆ.

ಬಸವರಾಜ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಆನಗೋಡಿನ ಹುಡುಗ, ಇಪ್ಪತ್ತೆರಡು ವರ್ಷ. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕಿದ್ದ, ಬಾಡಿಗೆ ಕೋಣೆಯಲ್ಲಿರುತ್ತಿದ್ದ. ವಾಂತಿ ಭೇದಿ ಶುರುವಾಗಿತ್ತು. ಸುದ್ದಿ ಕೇಳಿ ತಾಯಿ ನಿಂಗಮ್ಮ ಊರಿಂದ ಬಂದು, ಒಂದು ದಿನ ಕೋಣೆಯಲ್ಲೇ ಗಂಜಿ ಕುಡಿಸಿ ನೋಡಿ, ಕಡಿಮೆಯಾಗದಿದ್ದಾಗ ನಮ್ಮಲ್ಲಿಗೆ ಕರೆತಂದಿದ್ದರು. ಬೆಳಿಗ್ಗೆ ಅಡ್ಮಿಟ್ ಆದ. ಎರಡು ಬಾಟಲಿ ಸಲೈನ್ ಹೋದ ಮೇಲೆ ಕಣ್ಣಿಗೆ ಕಳೆ ಬಂತು. "ಅಕ್ಕಾರ, ಉಣ್ಣಾಕ ಏನರ ಕೊಡಬಹುದಾ?" ಎಂದು ಕೇಳಿದ. ಆದರೆ ಕೈಕಾಲಲ್ಲಿ ಬಲವೇ ಇಲ್ಲ, ಲೋಟ ಎತ್ತಲೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಹೊರರೋಗಿಗಳ ಗಲಾಟೆ ಮುಗಿಯುವ ಹೊತ್ತಿಗೆ ನಾನು ಇದನ್ನು ಡಾಕ್ಟರಿಗೆ ಹೇಳಿದೆ. ಅವರು ಊಟಕ್ಕೆ ಹೊರಟಿದ್ದರು. ಸ್ಕೂಟರಿನ ಕೀಲಿ ಹುಡುಕುತ್ತಲೇ, "ಪೊಟ್ಯಾಸಿಯಂ ಕಮ್ಮಿ ಆಗೈತೆ. ಒಂದು ಕೆಸಿಎಲ್ ಹಾಕು," ಎಂದು ಹೋದರು.

ಹಾಕು. ನಮ್ಮ ಮಾತಿನಲ್ಲಿ ಇಂಜೆಕ್ಷನನ್ನೂ ಹಾಕುತ್ತಾರೆ, ಬಾಟಲಿಯೊಳಗೆ ಔಷಧವನ್ನೂ ಹಾಕುತ್ತಾರೆ. ಆ ಆರು ವರ್ಷದಲ್ಲಿ ಆ ಔಷಧವನ್ನು ಕೊಟ್ಟದ್ದೆಲ್ಲ ಡಾಕ್ಟರೇ. ನಾನು ಕೊಟ್ಟಿರಲಿಲ್ಲ. ಕಪಾಟಿನಿಂದ ಆಂಪ್ಯೂಲ್, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆ, ತೆಗೆದೆ, ಒಡೆದೆ, ಸಿರಿಂಜಿಗೆ ಎಳೆದುಕೊಂಡೆ. ಬೇರೆ ಇಂಜೆಕ್ಷನ್‌ಗಳನ್ನು ಹೇಗೆ ಕೊಡುತ್ತಿದ್ದೆನೋ ಹಾಗೇ ಅವನ ಕೈಯ ಸೂಜಿಯೊಳಗೆ ತಳ್ಳಿದೆ.

"ಅಕ್ಕಾ, ಕೈ ಉರಿತೈತೆ," ಎಂದ.

"ಆತಪ್ಪ, ಮುಗೀತು," ಎಂದೆ.

ಮುಗಿದೇ ಹೋಯಿತು. ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತು, ಮೈ ಒಮ್ಮೆ ಸೆಟೆಯಿತು. ನಾನು ನಾಡಿ ಹುಡುಕಿದೆ. ರಕ್ತನಾಳ ಹುಡುಕುವುದರಲ್ಲಿ ಹರಿಹರಕ್ಕೇ ಹೆಸರಾದ ನನ್ನ ಬೆರಳಿಗೆ ನಾಡಿ ಸಿಗಲಿಲ್ಲ. ತಾಯಿ ಕಾಲಬಳಿ ನಿಂತು, "ಯಾಕವಾ, ಮಲಗಿದನಾ?" ಎಂದರು.

ಆಯಾ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅವರು ಎದೆ ಒತ್ತಿದರು, ಇನ್ನೊಂದು ಇಂಜೆಕ್ಷನ್ ಕೊಟ್ಟರು. ಏನೂ ಆಗಲಿಲ್ಲ. ಆಮೇಲೆ ಟ್ರೇ ಕಡೆ ನೋಡಿದರು. ಒಡೆದ ಆಂಪ್ಯೂಲನ್ನು ಎತ್ತಿ, ಹೆಸರು ಓದಿ, ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಗಾಜು ಯಾರಿಗಾದರೂ ಚುಚ್ಚೀತೆಂದು ಎತ್ತಿದರೇನೋ ಅಂದುಕೊಂಡೆ. ನಿಂಗಮ್ಮನ ಕಡೆ ತಿರುಗಿ ಅವರು ಹೇಳಿದ್ದು ಇಷ್ಟು: "ತಡ ಮಾಡಿದ್ರಿ. ಒಂದಿನ ಮೊದಲೇ ತರಬೇಕಿತ್ತು. ಹಾರ್ಟ್ ತಡಕಳ್ಳಲಿಲ್ಲ."

ಆ ತಾಯಿ ಎದೆ ಬಡಿದುಕೊಂಡು ಅಳಲಿಲ್ಲ. "ತಡ ಮಾಡಿದೆನಾ ನಾನು," ಎಂದು ಮತ್ತೆ ಮತ್ತೆ ಕೇಳುತ್ತಾ ಗೋಡೆಗೆ ಒರಗಿ ಕುಸಿದರು. ಅವರಿಗೆ ನೀರು ಕುಡಿಸಿದವಳು ನಾನೇ. ನನಗೆ ಸಂಕಟವಾಗಿತ್ತು, ಆದರೆ ಅನುಮಾನ ಬರಲಿಲ್ಲ. ಅನುಮಾನ ಬರಬೇಕಾದರೂ ಏನಾದರೂ ಗೊತ್ತಿರಬೇಕಲ್ಲ. ಮರುದಿನ ಡಾಕ್ಟರು ಕರೆದು, "ಇನ್ಮೇಲೆ ಆ ಔಷಧ ನೀನು ಮುಟ್ಟಬ್ಯಾಡ, ನಾನೇ ನೋಡ್ಕಂತೀನಿ," ಎಂದರು. ಯಾಕೆ ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ. ಇನ್ನೂ ಐದು ವರ್ಷ ಅಲ್ಲೇ ದುಡಿದೆ.

ಮದುವೆಯಾದ ಮೇಲೆ ನನ್ನ ಗಂಡ ಬೆನ್ನು ಹತ್ತಿ ಓದಿಸಿದರು. ಅವರು ಪ್ರೈಮರಿ ಶಾಲೆಯ ಮೇಷ್ಟ್ರು. ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿದೆ. ಇಪ್ಪತ್ತೆಂಟನೇ ವಯಸ್ಸಿಗೆ ದಾವಣಗೆರೆಯ ಒಂದು ನರ್ಸಿಂಗ್ ಶಾಲೆಯಲ್ಲಿ ಜಿ.ಎನ್.ಎಂ.ಗೆ ಸೇರಿದೆ. ಸುತ್ತ ಹದಿನೆಂಟರ ಹುಡುಗಿಯರು. ಮೊದಲ ವಾರ ನಾನೇ ಟೀಚರಮ್ಮ ಅಂದುಕೊಂಡು ಎದ್ದು ನಿಂತರು.

ಮೊದಲ ವರ್ಷವೇ ಔಷಧಗಳ ಪಾಠ ಬಂತು. ಟ್ಯೂಟರ್ ಮೇಡಂ ಬೋರ್ಡಿನ ಮೇಲೆ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಕೆಸಿಎಲ್, ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. "ಇದನ್ನ ಬಾಟಲಿಯಲ್ಲಿ ಬೆರೆಸಿ ಗಂಟೆಗಟ್ಟಲೆ ಹನಿ ಹನಿಯಾಗಿ ಕೊಡಬೇಕು. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತೆ." ಹುಡುಗಿಯರು ತಲೆ ತಗ್ಗಿಸಿ ಬರೆದುಕೊಂಡರು. ನನ್ನ ಪೆನ್ನು ನಿಂತಿತು.

"ಮೇಡಂ, ಹಂಗೆ ತಳ್ಳಿದ್ರೆ ರೋಗಿ ಏನಂತಾನೆ?"

ವಿಚಿತ್ರ ಪ್ರಶ್ನೆ ಅನ್ನಿಸಿರಬೇಕು, ನನ್ನನ್ನು ನೋಡಿದರು. "ಕೈ ಉರೀತೈತೆ ಅಂತಾನೆ. ಆಮೇಲೆ ಏನೂ ಅನ್ನಲ್ಲ."

ಹೊರಗೆ ಹೋಗಿ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ. ಗರ್ಭಿಣಿಯಿರಬೇಕು ಎಂದು ಹುಡುಗಿಯರು ಮಾತಾಡಿಕೊಂಡರು. ಆ ಆಂಪ್ಯೂಲು ಜೇಬಿಗೆ ಹೋದದ್ದು ಯಾಕೆ ಎಂಬುದು ಅಲ್ಲಿ, ಆ ನಲ್ಲಿಯ ಮುಂದೆ ನನಗೆ ತಿಳಿಯಿತು. ಡಾಕ್ಟರಿಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೇ ತಪ್ಪನ್ನು ಆ ತಾಯಿಯ ತಲೆಗೆ ಕಟ್ಟಿದ್ದರು.

ಭಾನುವಾರ ಬಸ್ ಹತ್ತಿ ಹರಿಹರಕ್ಕೆ ಹೋದೆ. ಡಾಕ್ಟರು ಒಬ್ಬರೇ ಕೂತಿದ್ದರು. ಬಸವರಾಜನ ಹೆಸರು ಹೇಳಿದೆ. ಮರೆತಿರಲಿಲ್ಲ.

"ಮೂರು ತಿಂಗಳು ಓದಿ ಬಂದು ನನಗೆ ಪಾಠ ಮಾಡ್ತೀಯಾ?"

"ಬಾಟಲಿಗೆ ಹಾಕು ಅಂತ ಒಂದು ಮಾತು ಜಾಸ್ತಿ ಹೇಳಿದ್ರೆ ಆ ಹುಡುಗ ಉಳೀತಿದ್ದ ಸರ್."

"ಸಿರಿಂಜ್ ಹಿಡಿದ ಕೈ ಯಾರದು?" ಎಂದರು. ದನಿ ಏರಿಸಲೂ ಇಲ್ಲ. "ಪೊಲೀಸರು ಬಂದ್ರೆ ಮೊದಲು ಯಾರನ್ನ ಕೇಳ್ತಾರೆ? ನಾನು ನಿನ್ನ ಆಯಾ ಕೆಲಸಕ್ಕೆ ಇಟ್ಕಂಡಿದ್ದೆ ಅಂತೀನಿ. ನನಗೆ ಹೇಳದೆ ಚುಚ್ಚಿದಳು ಅಂತೀನಿ. ಆಮೇಲೆ ನಿನಗೆ ಕೋರ್ಸೂ ಇರಲ್ಲ, ನೌಕರಿಯೂ ಇರಲ್ಲ. ಸುಮ್ನೆ ಹೋಗಿ ಓದ್ಕ."

ನಾನು ಸುಮ್ಮನೆ ಹೋಗಿ ಓದಿಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೆಯೇ ನನಗೆ ಹೇಸಿಗೆ. ಮೂರು ವರ್ಷ ಮುಗಿಸಿ ನೋಂದಣಿ ಪಡೆದೆ, ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದೆ. ಸಂಖ್ಯೆ ಬಂದ ಮೇಲೆ ಅದನ್ನು ಕಳೆದುಕೊಳ್ಳುವ ಭಯ ಇನ್ನೂ ಹೆಚ್ಚಾಯಿತು. ಭಯದ ಜೊತೆಗೆ ಜಂಬವೂ ಬಂತು. ಓದದವಳಾಗಿದ್ದಾಗ ಓದಿದವರನ್ನು ನೋಡಿ ನಕ್ಕವಳು, ಓದಿದ ಮೇಲೆ ಕಡಿಮೆ ಓದಿದವರನ್ನು ನೋಡಿ ನಗಲು ಶುರು ಮಾಡಿದೆ.

ಹೆರಿಗೆ ವಾರ್ಡಿನಲ್ಲಿದ್ದಾಗ ಹಳ್ಳಿಯ ಎ.ಎನ್.ಎಂ. ಒಬ್ಬಳು ಒಬ್ಬ ಗರ್ಭಿಣಿಯ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದ್ದಳು. ಬಿ.ಪಿ. ಜಾಸ್ತಿ, ಮುಖ ಬಾತಿದೆ, ಕಣ್ಣು ಮಂಜು ಅನ್ನುತ್ತಾಳೆ, ಕೂಡಲೇ ನೋಡಿ ಎಂದು ಓರೆಕೋರೆ ಅಕ್ಷರದಲ್ಲಿ ಬರೆದಿತ್ತು. "ಇವರಿಗೆ ಎಲ್ಲಾನೂ ಅರ್ಜೆಂಟು," ಎಂದು ಚೀಟಿಯನ್ನು ಮಡಚಿಟ್ಟು ಗರ್ಭಿಣಿಯನ್ನು ಸಾಲಿನಲ್ಲಿ ಕೂರಿಸಿದೆ. ಅರ್ಧ ಗಂಟೆಯಲ್ಲಿ ಬೆಂಚಿನ ಮೇಲೇ ಆಕೆಗೆ ಫಿಟ್ಸ್ ಬಂತು. ಅದೃಷ್ಟಕ್ಕೆ ತಾಯಿ ಮಗು ಇಬ್ಬರೂ ಉಳಿದರು. ಮರುದಿನ ಆ ಎ.ಎನ್.ಎಂ. ಬಸ್ಸಿನಲ್ಲಿ ಬಂದು ವಾರ್ಡಿನ ಬಾಗಿಲಲ್ಲಿ ನಿಂತಳು.

"ಸಿಸ್ಟರ್, ನನ್ನ ಚೀಟಿ ತಲುಪಲಿಲ್ಲೇನ್ರಿ?"

"ತಲುಪಿತ್ತು," ಎಂದೆ. ಅದೊಂದು ನಿಜವನ್ನಾದರೂ ಹೇಳಿದೆ.

ಅವಳು ಎರಡು ವರ್ಷ ಓದಿದವಳು, ನಾನು ಮೂರು. ನೋಡಿದ್ದನ್ನು ಬರೆದು, ಹೊಣೆ ಹೊತ್ತು ಕಳಿಸಿದ್ದಳು. ನರ್ಸಿನ ಕೆಲಸ ಮಾಡಿದವಳು ಅವಳು. ಹುಡುಗಿಯರೇ, ಎ.ಎನ್.ಎಂ.ಗಳನ್ನು ಕಂಡು ಮೂಗು ಮುರಿಯುವ ಚಟ ನಿಮಗಿದ್ದರೆ ಈಗಲೇ ಬಿಡಿ.

ಇನ್‌ಚಾರ್ಜ್ ಆದ ಮೇಲೆ ಇನ್ನೊಂದು ಬಗೆಯ ಮೋಸ ಕಂಡೆ. ಸಿರಿಂಜು ಬಳಸಿ ಬಿಸಾಡುವಂಥದ್ದಾಯಿತು, ಮಾನಿಟರುಗಳು ಬಂದವು, ಕೇಸ್ ಪೇಪರು ಕಂಪ್ಯೂಟರಿಗೆ ಹೋಯಿತು. ಆದರೆ ಪಿಯುಸಿ ಫೇಲಾದ ಹುಡುಗಿಯರಿಗೆ ಬಿಳಿ ಕೋಟು ಹಾಕಿಸಿ ನಿಲ್ಲಿಸುವುದು ನಿಲ್ಲಲಿಲ್ಲ. ಡ್ಯೂಟಿ ಪಟ್ಟಿಯಲ್ಲಿ ಓದಿದವರ ಹೆಸರು, ವಾರ್ಡಿನಲ್ಲಿ ಓದದವರು. ನನ್ನ ರಜೆಯ ದಿನವೂ ನನ್ನ ಹೆಸರು ಪಟ್ಟಿಯಲ್ಲಿತ್ತು. ಮ್ಯಾನೇಜರನ್ನು ಕೇಳಿದೆ.

"ಮೇಡಂ, ಕಲಿತಾರೆ ಬಿಡ್ರಿ. ನೀವೂ ಹಂಗೇ ಕಲಿತಿದ್ದಲ್ವಾ?" ಎಂದ.

"ನಾನು ಏನ್ ಮಾಡಿ ಕಲಿತೆ ಅನ್ನೋದು ನಿನಗೆ ಗೊತ್ತಿಲ್ಲ," ಎಂದೆ. ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ ಸಹಿ ಮಾಡಿದೆ. ನನ್ನನ್ನು ಸ್ಟೋರಿಗೆ ಹಾಕಿದರು. ಎರಡು ವರ್ಷ ಹತ್ತಿ, ಬ್ಯಾಂಡೇಜು ಎಣಿಸಿದೆ. ಆಮೇಲೆ ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿಂದಲೇ ನಿವೃತ್ತಿಯಾಯಿತು, ಹಾರ ಹಾಕಿದರು, ಸೇವೆಯನ್ನು ಹೊಗಳಿದರು. ಅದರಲ್ಲಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಈ ವರ್ಷ ನನ್ನ ತಮ್ಮನ ಹೆಂಡತಿಗೆ ಜ್ವರವೆಂದು ಹರಿಹರದ ಅದೇ ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ನನಗೆ ತಿಳಿದದ್ದು ಸೇರಿಸಿದ ಮೇಲೆ. ಹೋದೆ. ಹಳೆಯ ಡಾಕ್ಟರಿಗೆ ಈಗ ಎದ್ದು ಓಡಾಡಲಾಗದು, ಮಗ ನಡೆಸುತ್ತಾನೆ. ಕಟ್ಟಡಕ್ಕೆ ಗಾಜು ಹಾಕಿಸಿದ್ದಾರೆ. ನಾದಿನಿಯ ಹತ್ತಿರ ಬಿಳಿ ಕೋಟಿನ ಹುಡುಗಿಯೊಬ್ಬಳು ಸಿರಿಂಜು ತುಂಬಿಕೊಂಡು ಬಂದಳು.

"ಏನದು ತಂಗಿ?"

"ಇಂಜೆಕ್ಷನ್ ಆಂಟಿ."

"ಯಾವುದು? ಯಾಕ ಕೊಡ್ತಿದ್ದಿ?"

ಅವಳು ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. "ಗೊತ್ತಿಲ್ರಿ. ಸಾರ್ ಹಾಕು ಅಂದ್ರು."

ಅವಳ ಕೈಯಿಂದ ಸಿರಿಂಜು ತೆಗೆದುಕೊಂಡು ಟ್ರೇಯಲ್ಲಿಟ್ಟೆ. ಹುಡುಗಿಗೆ ಬೈಯಲಿಲ್ಲ. ಎಷ್ಟು ಓದಿದ್ದೀ ಎಂದು ಕೇಳಿದೆ. ಎಸ್ಸೆಸ್ಸೆಲ್ಸಿ. ನಾದಿನಿಯನ್ನು ಬೇರೆ ಆಸ್ಪತ್ರೆಗೆ ಸೇರಿಸಿದೆ. ಮೂರನೇ ದಿನ ಆನಗೋಡಿಗೆ ಹೋದೆ.

ನಿಂಗಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಂಬತ್ತರ ಹತ್ತಿರದ ಮುದುಕಿ, ಅಂಗಳದಲ್ಲಿ ಒಣಹಾಕಿದ ಮೆಕ್ಕೆಜೋಳದಲ್ಲಿ ಕೈಯಾಡಿಸುತ್ತಿದ್ದರು. ಸೊಸೆ ಕುರ್ಚಿ ತಂದಿಟ್ಟಳು. ಅತ್ತೆಯ ಸ್ವಭಾವ ಹೇಳಿ ನಗುತ್ತಿದ್ದಳು: ಮೊಮ್ಮಕ್ಕಳು ಒಂದು ಸಲ ಕೆಮ್ಮಿದರೆ ಸಾಕು, ದಾವಣಗೆರೆಯ ಬಸ್ ಹತ್ತಿಸುವವರೆಗೂ ಬಿಡುವುದಿಲ್ಲವಂತೆ. ತಡ ಮಾಡಬ್ಯಾಡ್ರಿ, ತಡ ಮಾಡಬ್ಯಾಡ್ರಿ ಎಂದು ಜೀವ ತಿನ್ನುತ್ತಾರಂತೆ.

ನಾನು ಕುರ್ಚಿ ಬಿಟ್ಟು ನೆಲಕ್ಕೆ ಕೂತೆ. ಯಾರೆಂದು ಹೇಳಿದೆ. ನಡೆದದ್ದನ್ನೆಲ್ಲ ಹೇಳಿದೆ, ಆಂಪ್ಯೂಲಿನಿಂದ ಜೇಬಿನವರೆಗೆ. ಸೊಸೆಯ ನಗು ಎಲ್ಲಿ ಹೋಯಿತೋ. ಮುದುಕಿ ಜೋಳದಲ್ಲಿ ಕೈಯಾಡಿಸುತ್ತಲೇ ಮಾತಾಡಿದರು.

"ಹಂಗಾರೆ ನಾನು ತಡ ಮಾಡಿದ್ದಕ್ಕಲ್ಲ."

"ಅಲ್ಲಮ್ಮ. ನೀವು ಕರ್ಕಂಡು ಬಂದಾಗ ಅವನು ಉಳಿಯೋ ಹಂಗೇ ಇದ್ದ."

"ನಿನಗಿದು ಯಾವಾಗ ಗೊತ್ತಾತು?"

ಮೂವತ್ತು ವರ್ಷದ ಮೇಲಾಯಿತು ಎಂದೆ. ಆಗ ಅವರು ನನ್ನ ಕಡೆ ತಿರುಗಿದರು. ಅಂಥ ನೋಟವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

"ನನ್ನ ಗಂಡ ಸಾಯೋತನಕ ನನ್ನ ಕೂಡ ಬಾಯಿ ತುಂಬ ಮಾತಾಡ್ಲಿಲ್ಲ. ನೀನೇ ಮಗನ್ನ ಕೊಂದಿ ಅಂದಿದ್ದ. ನೀನು ಒಂದು ಬಸ್ ಹತ್ತಿ ಬಂದು ಹೇಳಿದ್ರೆ ಆತಿತ್ತು."

ನಾನು ಅವರ ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆಳೆದುಕೊಂಡರು.

"ಅದು ಬ್ಯಾಡ. ನನ್ನ ಮುಂದೆ ಹೇಳಿ ಹಗುರ ಮಾಡ್ಕಬ್ಯಾಡ. ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳು. ನಾನೂ ಬರ್ತೀನಿ."

ಜಿಲ್ಲಾ ಆರೋಗ್ಯ ಅಧಿಕಾರಿಗೆ ನಾಲ್ಕು ಹಾಳೆ ದೂರು ಬರೆದೆ. ಬಸವರಾಜನದ್ದನ್ನೂ ಬರೆದೆ, ಈಗ ಅಲ್ಲಿ ಸಿರಿಂಜು ಹಿಡಿದಿರುವ ಹುಡುಗಿಯರ ಬಗ್ಗೆಯೂ ಬರೆದೆ. ಆ ಹುಡುಗಿಯರನ್ನು ಶಿಕ್ಷಿಸಬೇಡಿ, ಓದಿಸಿ, ಅವರ ಕೈಗೆ ಸೂಜಿ ಕೊಟ್ಟವರನ್ನು ಕೇಳಿ ಎಂದು ಬರೆದೆ. ನನ್ನ ಮಕ್ಕಳು ಬೇಡವೆಂದರು. ವಕೀಲರು, ನಿಮ್ಮ ಮೇಲೆಯೇ ಕೇಸಾಗಬಹುದು ಎಂದರು. ಈಗಾಗಲೇ ಆ ಹಳೆಯ ಡಾಕ್ಟರ ಮಗನ ಕಡೆಯಿಂದ ಮಾನನಷ್ಟದ ನೋಟಿಸು ಬಂದಿದೆ. ಒಂದು ವಿಚಾರಣೆ ಆಗಿದೆ, ಇನ್ನೊಂದಕ್ಕೆ ಕರೆದಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ. ಆ ನರ್ಸಿಂಗ್ ಹೋಮಿನಲ್ಲಿ ಇವತ್ತಿಗೂ ಬಿಳಿ ಕೋಟಿನ ಹುಡುಗಿಯರೇ ಇದ್ದಾರೆ, ತಪಾಸಣೆಯ ದಿನ ಮಾತ್ರ ಇರಲಿಲ್ಲವಂತೆ.

ದೂರು ಕೊಡಲು ಹೋದ ದಿನ ನಿಂಗಮ್ಮ ಮೊಮ್ಮಗಳ ಕೈ ಹಿಡಿದು ದಾವಣಗೆರೆಗೆ ಬಂದಿದ್ದರು. ಕಚೇರಿಯ ಗುಮಾಸ್ತ ಹಾಳೆಗಳನ್ನು ನಿಧಾನಕ್ಕೆ ಓದಿ, ದನಿ ತಗ್ಗಿಸಿ, "ಮೇಡಂ, ಇದರಲ್ಲಿ ನಿಮ್ಮನ್ನ ನೀವೇ ಸಿಗಿಸ್ಕಂತಿದ್ದೀರಿ," ಎಂದ. ಒಳ್ಳೆಯ ಮನುಷ್ಯ.

"ಗೊತ್ತೈತೆ. ತಗೊಳ್ರಿ."

ಅವನು ದಾಖಲಾತಿ ಪುಸ್ತಕ ತೆರೆದ. ನನ್ನ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಬರೆದುಕೊಂಡ. "ಘಟನೆ ಆದಾಗ ನಿಮ್ಮ ಹುದ್ದೆ? ನರ್ಸ್ ಅಂತ ಬರೀಲಾ?"

"ಬ್ಯಾಡ. ಆಗ ನಾನು ನರ್ಸ್ ಆಗಿರಲಿಲ್ಲ. ನರ್ಸ್ ಅಂತ ಹೇಳಿ ನಿಲ್ಲಿಸಿದ್ರು. ಹಂಗೇ ಬರ್ಕೊಳ್ರಿ."

ಬರೆದುಕೊಂಡ. ಬೆಂಚಿನ ಮೇಲಿದ್ದ ನಿಂಗಮ್ಮ ಎದ್ದು ಬಂದು ಮೇಜಿಗೆ ಕೈಯೂರಿ, ಬರೆದದ್ದನ್ನು ಓದು ಎಂದರು. ಅವನು ಓದಿದ. ಮಗನ ಹೆಸರು ಬಂತು, ಔಷಧದ ಹೆಸರು ಬಂತು, ಕರೆತಂದಾಗ ರೋಗಿಯು ಬದುಕುವ ಸ್ಥಿತಿಯಲ್ಲಿದ್ದನು ಎಂಬ ಸಾಲು ಬಂತು.

"ಅದನ್ನ ಇನ್ನೊಂದ್ಸಲ ಓದಪ್ಪ," ಎಂದರು.

ಅವನು ಇನ್ನೊಂದು ಸಲ ಓದಿದ.